ಕಂಪೈಲರನ್ನು ಕಟ್ಟಿಸುವ ಕುರಿತು ಅಧ್ಯಯನ ಮಂಡಳಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಗಣಕ ವಿಜ್ಞಾನ ಅಧ್ಯಯನ ಮಂಡಳಿಗಳು,
ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ಇಂಜಿನಿಯರಿಂಗ್ ಕಾಲೇಜುಗಳು.

ವಿಷಯ: ಕಂಪೈಲರ್ ವಿಷಯದಲ್ಲಿ ಬಿಡಿ ಲ್ಯಾಬ್ ಪ್ರೋಗ್ರಾಂಗಳ ಬದಲು ಇಡೀ ಸೆಮಿಸ್ಟರಿಗೆ ಒಂದೇ ಪ್ರಾಜೆಕ್ಟ್ ಇಡುವ ಬಗ್ಗೆ.

ಮಾನ್ಯರೇ,

ಬಾಗಲಕೋಟೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ನಾನು 14 ವರ್ಷಗಳಿಂದ ಕಂಪೈಲರ್ ವಿಷಯವನ್ನು ಬೋಧಿಸುತ್ತಿದ್ದೇನೆ. ಕಂಪೈಲರ್ ಎಂದರೆ ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಆಜ್ಞೆಗಳಾಗಿ ಅನುವಾದಿಸುವ ತಂತ್ರಾಂಶ. ಈ ಪೈಕಿ ಮೊದಲ ಒಂಬತ್ತು ವರ್ಷ ನಾನು ಸ್ವತಃ ಒಂದು ಕಂಪೈಲರನ್ನೂ ಕಟ್ಟಿರಲಿಲ್ಲ. ಮೂರು ಬಣ್ಣದ ಸೀಮೆಸುಣ್ಣ ಹಿಡಿದು ಎಲ್‌ಆರ್ ಪಾರ್ಸಿಂಗ್ (ಪ್ರೋಗ್ರಾಮಿನ ವಾಕ್ಯರಚನೆಯನ್ನು ವ್ಯಾಕರಣದಂತೆ ಬಿಡಿಸುವ ಒಂದು ವಿಧಾನ) ಕೋಷ್ಟಕಗಳನ್ನು ಬೋರ್ಡಿನ ಈ ತುದಿಯಿಂದ ಆ ತುದಿಯವರೆಗೆ ಬರೆಯುತ್ತಿದ್ದೆ. ವಿದ್ಯಾರ್ಥಿಗಳು ಅವನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಅದೇ ಕೋಷ್ಟಕ ಬೇರೆ ಅಕ್ಷರಗಳಲ್ಲಿ ಬಂದರೆ ಹತ್ತಕ್ಕೆ ಎಂಟು ಅಂಕ ತೆಗೆಯುತ್ತಿದ್ದರು. ಫಲಿತಾಂಶ ಚೆನ್ನಾಗಿಯೇ ಇರುತ್ತಿತ್ತು. ಹತ್ತನೆಯ ವರ್ಷದ ಬೇಸಿಗೆ ರಜೆಯಲ್ಲಿ, ನವನಗರದ ಮನೆಯಲ್ಲಿ ಫ್ಯಾನಿನ ಕೆಳಗೆ ಕುಳಿತು, ಒಂದು ಸಣ್ಣ ಭಾಷೆಗೆ ಕಂಪೈಲರ್ ಬರೆಯಲು ತೊಡಗಿದಾಗ, ನಾನು ಅಷ್ಟು ವರ್ಷ ಬೋಧಿಸಿದ್ದ ಭಾಗ ಮೊದಲ ನಾಲ್ಕು ದಿನಗಳಲ್ಲೇ ಮುಗಿದುಹೋಯಿತು. ಉಳಿದ ಕೆಲಸಕ್ಕೆ ಐದು ವಾರ ಹಿಡಿಯಿತು, ಮತ್ತು ಆ ಐದು ವಾರದ ಕೆಲಸದ ಬಗ್ಗೆ ನಾನು ತರಗತಿಯಲ್ಲಿ ಹೆಚ್ಚೆಂದರೆ ಎರಡು ಗಂಟೆ ಮಾತನಾಡಿದ್ದೆ. ಈ ಪತ್ರಕ್ಕೆ ಅದೇ ಕಾರಣ.

ಈಗ ನಡೆಯುತ್ತಿರುವುದು ತಮಗೆ ತಿಳಿಯದ್ದಲ್ಲ. ಲ್ಯಾಬಿನಲ್ಲಿ ಹತ್ತು ಹನ್ನೆರಡು ಬಿಡಿ ಪ್ರೋಗ್ರಾಂಗಳಿರುತ್ತವೆ: ಲೆಕ್ಸ್ ಎಂಬ ಸಾಧನ ಬಳಸಿ ಸ್ವರ, ವ್ಯಂಜನ, ಪದಗಳನ್ನು ಎಣಿಸುವುದು, ಪಾರ್ಸಿಂಗ್ ಭಾಗವನ್ನು ಹುಟ್ಟಿಸುವ ಯಾಕ್ ಎಂಬ ಸಾಧನ ಬಳಸಿ ಒಂದು ಗಣಿತದ ಪದೋಕ್ತಿ (ಎಕ್ಸ್‌ಪ್ರೆಶನ್) ಸರಿಯೋ ತಪ್ಪೋ ಹೇಳುವುದು, ವ್ಯಾಕರಣದ ಫಸ್ಟ್ ಮತ್ತು ಫಾಲೋ ಗಣಗಳನ್ನು ಕಂಡುಹಿಡಿಯುವುದು. ಇವು ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ಕುಳಿತಿರುತ್ತವೆ. ಪರೀಕ್ಷೆಯ ದಿನ ಚೀಟಿ ಎತ್ತಿದಾಗ ಬಂದ ಪ್ರೋಗ್ರಾಂ ಬಾಯಿಪಾಠವಾಗಿದ್ದರೆ ಹುಡುಗ ಪಾಸಾಗುತ್ತಾನೆ. ಥಿಯರಿಯಲ್ಲಿ ಅರ್ಧ ಸೆಮಿಸ್ಟರಿಗಿಂತ ಹೆಚ್ಚು ಕಾಲ ಪಾರ್ಸಿಂಗಿಗೇ ಹೋಗುತ್ತದೆ, ಯಂತ್ರಸಂಕೇತ ಹುಟ್ಟುವ ಅಧ್ಯಾಯ ಬರುವುದು ಕೊನೆಯ ಹದಿನೈದು ದಿನದಲ್ಲಿ, ಹುಡುಗರು ಇಂಟರ್ನಲ್ಸ್ ಮತ್ತು ಪ್ರಾಜೆಕ್ಟ್ ವರದಿಗಳ ಗಡಿಬಿಡಿಯಲ್ಲಿ ಅರ್ಧ ತರಗತಿ ಖಾಲಿ ಬಿಟ್ಟಿರುವಾಗ. ಹೀಗೆ ನಾಲ್ಕು ವರ್ಷ ಗಣಕ ವಿಜ್ಞಾನ ಓದಿದವರು, ತಾವು ಬರೆದ ಒಂದು ಸಾಲು ಪ್ರೊಸೆಸರಿನ ಆಜ್ಞೆಯಾಗುವುದನ್ನು ಒಮ್ಮೆಯೂ ತಮ್ಮ ಕೈಯಾರೆ ಮಾಡಿ ನೋಡದೆ ಪದವಿ ಪಡೆದು ಹೋಗುತ್ತಿದ್ದಾರೆ.

ನನ್ನ ಕೋರಿಕೆ ಒಂದೇ. ಈ ಬಿಡಿ ಪ್ರೋಗ್ರಾಂಗಳನ್ನು ಕೈಬಿಟ್ಟು, ಇಬ್ಬಿಬ್ಬರು ವಿದ್ಯಾರ್ಥಿಗಳು ಸೇರಿ ಒಂದು ಪುಟ್ಟ ಭಾಷೆಗೆ ಪೂರ್ತಿ ಕಂಪೈಲರನ್ನು ಒಂದು ಸೆಮಿಸ್ಟರಿನಲ್ಲಿ ಕಟ್ಟುವಂತೆ ಪಠ್ಯಕ್ರಮವನ್ನು ಬದಲಿಸಬೇಕು, ಮತ್ತು ವಿಷಯದ ಒಟ್ಟು ಅಂಕಗಳಲ್ಲಿ ಅರ್ಧದಷ್ಟನ್ನು ಆ ಕೆಲಸಕ್ಕೆ ಮೀಸಲಿಡಬೇಕು. ಹೊಸ ಅಧ್ಯಾಯಗಳನ್ನು ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಇರುವುದರಲ್ಲೇ ಸ್ವಲ್ಪ ತೆಗೆಯಿರಿ ಎಂದು ಕೇಳುತ್ತಿದ್ದೇನೆ.

ಕಳೆದ ಕೆಲವು ವರ್ಷಗಳಿಂದ ನಾನು ಇದನ್ನು ಆಸಕ್ತ ವಿದ್ಯಾರ್ಥಿಗಳ ಜೊತೆ ಅಂಕಗಳಿಲ್ಲದೆ, ಸಂಜೆಯ ಹೊತ್ತಿನಲ್ಲಿ ಮಾಡಿಸುತ್ತ ಬಂದಿದ್ದೇನೆ. ಅಲ್ಲಿ ಕಂಡ ಒಂದು ಸಂಗತಿಯನ್ನು ವಿವರವಾಗಿ ಹೇಳಬೇಕು. ಬೀಳಗಿ ಕಡೆಯ ಇಬ್ಬರು ಹುಡುಗರು ತಮ್ಮ ಪಾರ್ಸರನ್ನು ವ್ಯಾಕರಣದ ನಿಯಮ ಇದ್ದ ಹಾಗೆಯೇ ಫಂಕ್ಷನ್‌ಗಳನ್ನಾಗಿ ಬರೆದಿದ್ದರು. ಪದೋಕ್ತಿ ಎಂದರೆ ಪದೋಕ್ತಿ, ನಂತರ ಕಳೆಯುವ ಚಿಹ್ನೆ, ನಂತರ ಸಂಖ್ಯೆ ಎಂಬ ನಿಯಮ ಅದು. ಪ್ರೋಗ್ರಾಂ ಓಡಿಸಿದ ತಕ್ಷಣ ಸೆಗ್ಮೆಂಟೇಶನ್ ಫಾಲ್ಟ್ ಎಂದು ಸತ್ತಿತು, ಏಕೆಂದರೆ ಪದೋಕ್ತಿಯ ಫಂಕ್ಷನ್ ಒಂದು ಟೋಕನನ್ನೂ (ಸಂಖ್ಯೆ, ಚಿಹ್ನೆಯಂಥ ಬಿಡಿ ಘಟಕವನ್ನೂ) ಓದದೆ ಮೊದಲು ತನ್ನನ್ನೇ ಕರೆಯುತ್ತಿತ್ತು, ಆ ಕರೆ ಮತ್ತೆ ತನ್ನನ್ನು ಕರೆಯುತ್ತಿತ್ತು, ಕರೆಗಳ ಲೆಕ್ಕವಿಡುವ ಸ್ಟ್ಯಾಕ್ ಎಂಬ ಮೆಮೊರಿ ತುಂಬುವವರೆಗೂ. ಇದೇ ಹುಡುಗರು ಹಿಂದಿನ ವಾರದ ಟೆಸ್ಟಿನಲ್ಲಿ ಲೆಫ್ಟ್ ರಿಕರ್ಶನ್ (ನಿಯಮ ತನ್ನಿಂದಲೇ ಶುರುವಾಗುವುದು) ತೆಗೆದುಹಾಕುವ ಪ್ರಶ್ನೆಗೆ ಪೂರ್ಣ ಅಂಕ ಪಡೆದಿದ್ದರು. ಕಾಗದದ ಮೇಲೆ ತೆಗೆದುಹಾಕಿದ್ದ ರೋಗ ತಮ್ಮ ಕಣ್ಣೆದುರಿಗೇ ಇದೆ ಎಂದು ಗುರುತಿಸಲು ಅವರಿಗೆ ಎರಡು ದಿನ ಬೇಕಾಯಿತು.

ಗುರುತಿಸಿದ ಮೇಲೆ ಪುಸ್ತಕದ ಸೂತ್ರದಂತೆಯೇ ನಿಯಮವನ್ನು ತಿರುಗಿಸಿದರು. ಈಗ ಪ್ರೋಗ್ರಾಂ ಸಾಯಲಿಲ್ಲ. ಆದರೆ 10 - 4 - 3 ಎಂದು ಕೊಟ್ಟರೆ ಉತ್ತರ 9 ಬಂತು. "ಸರ್, ಲೆಕ್ಕಾ ತಪ್ಪ ಬರಾಕತ್ತೈತ್ರಿ, ಗ್ರಾಮರ್ ಮಾತ್ರ ಸರಿ ಐತ್ರಿ" ಎಂದು ಅವರಲ್ಲೊಬ್ಬ ಬಂದು ಹೇಳಿದ. ನಿಯಮವನ್ನು ಬಲಕ್ಕೆ ತಿರುಗಿಸಿದಾಗ ಲೆಕ್ಕವೂ ಬಲದಿಂದಲೇ ಕಟ್ಟಿಕೊಂಡು, 4 ರಲ್ಲಿ 3 ಕಳೆದು ಉಳಿದ 1 ನ್ನು 10 ರಲ್ಲಿ ಕಳೆದಿತ್ತು. ಭಾಷೆಯ ಎಲ್ಲ ಸರಿಯಾದ ವಾಕ್ಯಗಳನ್ನೂ ಒಪ್ಪುವ ಒಂದು ವ್ಯಾಕರಣ, ಆ ವಾಕ್ಯಗಳಿಗೆ ತಪ್ಪು ಅರ್ಥ ಕೊಡಬಹುದು ಎಂಬ ಮಾತನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತ ಬಂದಿದ್ದೆ. ಅದು ಅವರ ತಲೆಗೆ ಹೋದದ್ದು ಆ ಸಂಜೆ, 9 ಎಂಬ ಅಂಕಿ ಪರದೆಯ ಮೇಲೆ ಬಂದಾಗ. ರಿಕರ್ಶನ್ ಬದಲು ಒಂದು ಲೂಪ್ ಹಾಕಿ, ಎಡದಿಂದ ಬಂದ ಫಲವನ್ನು ಒಟ್ಟುಮಾಡಿಕೊಳ್ಳುತ್ತ ಹೋಗುವ ದಾರಿಯನ್ನು ಅವರೇ ಕಂಡುಕೊಂಡರು.

ಇನ್ನೊಂದು ಜೋಡಿಯ ಕಂಪೈಲರ್, ಫ್ಯಾಕ್ಟೋರಿಯಲ್ 5 (5×4×3×2×1 = 120) ಕೇಳಿದರೆ 1 ಎನ್ನುತ್ತಿತ್ತು. ಫಂಕ್ಷನ್ನಿಗೆ ಕೊಟ್ಟ ಸಂಖ್ಯೆಯನ್ನು ಅವರು ಪ್ರೊಸೆಸರಿನೊಳಗಿನ ಪುಟ್ಟ ಗೂಡಾದ ಒಂದು ರಿಜಿಸ್ಟರಿನಲ್ಲಿಟ್ಟಿದ್ದರು, ಒಳಗಿನ ಕರೆಗೆ ಹೋಗುವ ಮುನ್ನ ಅದನ್ನು ಸ್ಟ್ಯಾಕಿನಲ್ಲಿ ಉಳಿಸಿರಲಿಲ್ಲ. ಹೀಗಾಗಿ ಮರಳಿ ಬರುವಷ್ಟರಲ್ಲಿ 5, 4, 3, 2 ಎಲ್ಲವೂ ಅಳಿಸಿ 1 ಮಾತ್ರ ಉಳಿದಿತ್ತು, ಗುಣಾಕಾರವೆಲ್ಲ ಒಂದರಿಂದ ಒಂದಕ್ಕೇ ನಡೆದಿತ್ತು. ಮೊದಲ ವರ್ಷದ ಸಿ ಪಾಠದಿಂದಲೇ ಸ್ಟ್ಯಾಕ್ ಫ್ರೇಮ್ ಎಂಬ ಪೆಟ್ಟಿಗೆಯ ಚಿತ್ರ ಬರೆಯುತ್ತ ಬಂದವರಿಗೆ ಅದು ಯಾಕೆ ಬೇಕು ಎಂಬುದು ಆರನೆಯ ಸೆಮಿಸ್ಟರಿನಲ್ಲಿ ತಿಳಿಯಿತು. ಡೇಟಾ ಸ್ಟ್ರಕ್ಚರ್ಸ್ ಪಾಠದ ಮರ, ಹ್ಯಾಶ್ ಟೇಬಲ್. ಕಂಪ್ಯೂಟರ್ ಆರ್ಗನೈಸೇಶನ್ ಪಾಠದ ರಿಜಿಸ್ಟರ್, ವಿಳಾಸ. ಆಪರೇಟಿಂಗ್ ಸಿಸ್ಟಂ ಪಾಠದ ಮೆಮೊರಿ ವಿಭಾಗಗಳು: ಇವೆಲ್ಲ ಒಂದೇ ಪ್ರೋಗ್ರಾಮಿನಲ್ಲಿ ಕೂಡಿಬರುವ ಇನ್ನೊಂದು ಕೆಲಸ ನಮ್ಮ ಪಠ್ಯಕ್ರಮದಲ್ಲಿ ನನಗೆ ಕಾಣುತ್ತಿಲ್ಲ.

ಪ್ರಾಜೆಕ್ಟನ್ನು ಯಾವ ಕ್ರಮದಲ್ಲಿ ಮಾಡಿಸಬೇಕು ಎಂಬುದೂ ಮುಖ್ಯ. ಪುಸ್ತಕಗಳ ಅಧ್ಯಾಯದ ಕ್ರಮದಲ್ಲೇ ಹೋದರೆ ಮೊದಲ ತಿಂಗಳು ಟೋಕನ್, ಎರಡನೆಯ ತಿಂಗಳು ಪಾರ್ಸರ್, ಮೂರನೆಯ ತಿಂಗಳು ಟೈಪ್ ಪರೀಕ್ಷೆ ಎಂದು ಮಾಡಿ, ಸೆಮಿಸ್ಟರ್ ಮುಗಿದಾಗ ಏನೂ ಓಡದ ಮುಕ್ಕಾಲು ಕಂಪೈಲರ್ ಕೈಯಲ್ಲಿ ಉಳಿಯುತ್ತದೆ. ನಾನು ಮೊದಲ ವರ್ಷ ಮಾಡಿದ ತಪ್ಪು ಇದೇ. ಮನೆಯಲ್ಲಿ ಮಕ್ಕಳಿಗೆ ರೊಟ್ಟಿ ಬಡಿಯುವುದನ್ನು ಕಲಿಸುವಾಗ ತಿಂಗಳುಗಟ್ಟಲೆ ಬರೀ ಹಿಟ್ಟು ನಾದಿಸುವವರು ಯಾರೂ ಇಲ್ಲ. ಮೊದಲ ದಿನವೇ ಅಂಗೈಯಗಲದ ಒಂದು ವಕ್ರ ರೊಟ್ಟಿ ಹೆಂಚಿನ ಮೇಲೆ ಬಿದ್ದು ಬೇಯಬೇಕು. 2006ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಅಬ್ದುಲಜೀಜ್ ಘುಲೂಮ್ ಎಂಬವರು ಇದೇ ಮಾರ್ಗವನ್ನು ಒಂದು ಪ್ರಬಂಧದಲ್ಲಿ ಮುಂದಿಟ್ಟರು: ಭಾಷೆಯ ಅತಿ ಸಣ್ಣ ತುಣುಕಿಗೆ ಮೊದಲು ಪೂರ್ತಿ ಕಂಪೈಲರ್ ಮಾಡಬೇಕು, ಅದು ನಿಜವಾದ ಯಂತ್ರಸಂಕೇತ ಕೊಡಬೇಕು, ನಂತರ ಹೆಜ್ಜೆ ಹೆಜ್ಜೆಗೂ ಭಾಷೆಯನ್ನು ಸ್ವಲ್ಪ ಸ್ವಲ್ಪ ಹಿಗ್ಗಿಸುತ್ತ ಹೋಗಬೇಕು.

ಹಾಗಾಗಿ ಈಗ ನಮ್ಮಲ್ಲಿ ಮೊದಲ ವಾರದ ಭಾಷೆಯಲ್ಲಿ ಇರುವುದು ಒಂದು ಪೂರ್ಣಾಂಕ ಮಾತ್ರ. ಕಡತದಲ್ಲಿ 42 ಎಂದು ಬರೆದರೆ, ಓಡಿ ಮುಗಿಯುವಾಗ 42 ನ್ನು ಎಕ್ಸಿಟ್ ಕೋಡ್ ಆಗಿ, ಅಂದರೆ ಸಿಸ್ಟಮ್ಮಿಗೆ ಮರಳಿಸುವ ಸಂಖ್ಯೆಯಾಗಿ, ಕೊಡುವ ಅಸೆಂಬ್ಲಿ (ಯಂತ್ರದ ಆಜ್ಞೆಗಳನ್ನು ಪದಗಳಲ್ಲಿ ಬರೆದ) ಪ್ರೋಗ್ರಾಂ ಹುಟ್ಟಬೇಕು, ಅಷ್ಟೇ. ಆ ವಾರವೇ ಒಬ್ಬಳು 300 ಎಂದು ಬರೆದು 44 ಎಂಬ ಉತ್ತರ ಪಡೆದು ಗಾಬರಿಯಾದಳು. ಎಕ್ಸಿಟ್ ಕೋಡಿನಲ್ಲಿ ಎಂಟು ಬಿಟ್ ಮಾತ್ರ ಉಳಿಯುತ್ತವೆ, 300 ರಲ್ಲಿ 256 ಹೋಗಿ 44 ಉಳಿಯಿತು ಎಂದು ತಾನೇ ಲೆಕ್ಕ ಹಾಕಿದಳು. ಎರಡನೆಯ ವಾರ ಕೂಡುವುದು, ಕಳೆಯುವುದು, ನಂತರ ಆವರಣ, ಗುಣಾಕಾರ, ಚರಗಳು, ಷರತ್ತು, ಲೂಪ್, ಒಂಬತ್ತು ಹತ್ತನೆಯ ವಾರಕ್ಕೆ ಫಂಕ್ಷನ್. ಯಾವ ವಾರ ನಿಲ್ಲಿಸಿದರೂ ಕೈಯಲ್ಲಿ ಓಡುವ ಕಂಪೈಲರ್ ಇರುತ್ತದೆ. ಹಿಂದುಳಿದ ಜೋಡಿಗೂ ಅಂಕ ಕೊಡಲು ದಾರಿಯಿರುತ್ತದೆ.

ಪಾರ್ಸಿಂಗ್ ಕೋಷ್ಟಕಗಳನ್ನು ಕಡಿಮೆ ಮಾಡಿ ಎಂದರೆ ಹಿರಿಯ ಸಹೋದ್ಯೋಗಿಗಳಲ್ಲಿ ಕೆಲವರು ಬೇಸರಿಸಿಕೊಳ್ಳಬಹುದು. ಡೊನಾಲ್ಡ್ ನೂತ್ 1965ರಲ್ಲಿ ಎಲ್‌ಆರ್ ಪಾರ್ಸಿಂಗನ್ನು ವಿವರಿಸಿದ್ದು ನಮ್ಮ ಶಾಸ್ತ್ರದ ದೊಡ್ಡ ಸಾಧನೆಗಳಲ್ಲಿ ಒಂದು, ಅದರಲ್ಲಿ ನನಗೆ ಅನುಮಾನವಿಲ್ಲ. 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು ಪ್ರೋಗ್ರಾಮಿಂಗ್ ಭಾಷೆಗಳ ವ್ಯಾಕರಣ ಬರೆಯುವ ಬ್ಯಾಕಸ್ ಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕು ಎಂದು ವಿದ್ವತ್ ಪತ್ರಿಕೆಗೆ ಬರೆದ ವಿಷಯವನ್ನು ನಾನೂ ತರಗತಿಯಲ್ಲಿ ಸಂತೋಷದಿಂದ ಹೇಳುತ್ತೇನೆ. ಆದರೆ ಕೆಲಸದ ಕಂಪೈಲರುಗಳು ಏನು ಮಾಡುತ್ತಿವೆ ಎಂಬುದನ್ನೂ ನೋಡಬೇಕು. ನಮ್ಮ ಎಲ್ಲ ಲ್ಯಾಬುಗಳಲ್ಲಿ ಕುಳಿತಿರುವ ಜಿಸಿಸಿ ಎಂಬ ಕಂಪೈಲರ್, 2004ರಲ್ಲಿ ಸಿ++ ಗೂ 2006ರಲ್ಲಿ ಸಿ ಗೂ ಯಾಕ್ ಮಾದರಿಯ ಪಾರ್ಸರನ್ನು ಬಿಟ್ಟು, ಕೈಯಿಂದ ಬರೆದ ರಿಕರ್ಸಿವ್ ಡಿಸೆಂಟ್ (ಪ್ರತಿ ನಿಯಮಕ್ಕೂ ಒಂದು ಫಂಕ್ಷನ್ ಇರುವ) ಪಾರ್ಸರಿಗೆ ಬಂತು. ಕ್ಲಾಂಗ್ ಎಂಬ ಇನ್ನೊಂದು ಕಂಪೈಲರ್ ಮೊದಲಿನಿಂದಲೂ ಹಾಗೆಯೇ ಇದೆ. ನಾವು ಅಂಕಗಳಿಗಾಗಿ ಕೋಷ್ಟಕ ತುಂಬಿಸುತ್ತಿದ್ದೇವೆ, ಆ ಕೋಷ್ಟಕಗಳನ್ನು ಯಂತ್ರದಿಂದ ಮಾಡಿಸುವ ಯಾಕ್ 1970ರ ದಶಕದಲ್ಲೇ ಬಂದಿದೆ, ಅದನ್ನು ಬಳಸುತ್ತಿದ್ದವರೂ ಈಗ ಕೈಬರಹಕ್ಕೆ ಮರಳಿದ್ದಾರೆ. ಎಲ್‌ಆರ್ ಎಂದರೇನು, ಶಿಫ್ಟ್ (ಮುಂದಿನ ಟೋಕನ್ ಓದುವುದು) ಮತ್ತು ರೆಡ್ಯೂಸ್ (ಓದಿದ್ದನ್ನು ನಿಯಮಕ್ಕೆ ಇಳಿಸುವುದು) ನಡುವಿನ ಜಗಳ ಏನು ಎಂದು ತಿಳಿಸಲು ಒಂದು ವಾರ ಸಾಕು.

ಇಷ್ಟು ದೊಡ್ಡ ಕೆಲಸ ಹುಡುಗರಿಂದ ಆಗುತ್ತದೆಯೇ ಎಂಬ ಪ್ರಶ್ನೆಯನ್ನು ನನ್ನ ವಿಭಾಗದಲ್ಲೇ ಕೇಳಲಾಗಿದೆ. 1957ರಲ್ಲಿ ಐಬಿಎಂನಲ್ಲಿ ಜಾನ್ ಬ್ಯಾಕಸ್ ಅವರ ತಂಡ ಹೊರತಂದ ಮೊದಲ ಫೋರ್ಟ್ರಾನ್ ಕಂಪೈಲರಿಗೆ, ಒಬ್ಬನೇ ಮಾಡಿದ್ದರೆ 18 ವರ್ಷ ಹಿಡಿಯುವಷ್ಟು ದುಡಿಮೆ ಬೇಕಾಗಿತ್ತು. ಅವರ ಮುಂದೆ ದಾರಿ ಇರಲಿಲ್ಲ. ನಮ್ಮ ಮುಂದೆ ಇದೆ. ಜೂರಿಕ್ಕಿನ ನಿಕ್ಲಾಸ್ ವಿರ್ತ್ 1976ರಲ್ಲಿ ಬೋಧನೆಗೆಂದೇ ಪಿಎಲ್/0 ಎಂಬ ಭಾಷೆಯನ್ನು ಪ್ರಕಟಿಸಿದರು. ಅದರಲ್ಲಿ ಪೂರ್ಣಾಂಕಗಳು ಮಾತ್ರ. ಷರತ್ತು, ಲೂಪ್, ಪ್ರೊಸೀಜರ್ ಬಿಟ್ಟರೆ ಹೆಚ್ಚೇನಿಲ್ಲ. ಪ್ರೊಸೀಜರುಗಳಿಗೆ ಪ್ಯಾರಾಮೀಟರುಗಳೂ ಇಲ್ಲ. ಅದಕ್ಕಿಂತ ಒಂದು ಹಿಡಿ ಹೆಚ್ಚು, ಅಂದರೆ ಪ್ಯಾರಾಮೀಟರ್ ಪಡೆದು ಬೆಲೆ ಮರಳಿಸುವ ಫಂಕ್ಷನ್ ಮತ್ತು ಒಂದು ಅರೇ ಇದ್ದರೆ, ನಮ್ಮ ಪ್ರಾಜೆಕ್ಟಿಗೆ ಭಾಷೆ ಸಾಕಾಗುತ್ತದೆ. ಕ್ಲಾಸ್, ಸ್ಟ್ರಿಂಗ್, ಗಾರ್ಬೇಜ್ ಕಲೆಕ್ಷನ್ ಬೇಕೆಂದು ಆಸೆಪಡುವ ಜೋಡಿಗಳನ್ನು ತಡೆಯಬೇಕಾಗುತ್ತದೆ. ಅವರೇ ಹೆಚ್ಚಾಗಿ ಕೊನೆಗೆ ಬರಿಗೈಯಲ್ಲಿ ನಿಲ್ಲುವವರು.

ಕಂಪೈಲರ್ ಸಂಕೇತ ಹುಟ್ಟಿಸುವ ಗುರಿಯ ಯಂತ್ರವಾಗಿ ರಿಸ್ಕ್-ವಿ ಎಂಬ ಪ್ರೊಸೆಸರ್ ಆಜ್ಞಾಸಮೂಹ ಒಳ್ಳೆಯದು. 2010ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿದ ಈ ಆಜ್ಞಾಸಮೂಹಕ್ಕೆ ಪರವಾನಗಿ ಶುಲ್ಕವಿಲ್ಲ, ಅದರ 32 ಬಿಟ್ ಮೂಲ ರೂಪದಲ್ಲಿರುವ ಆಜ್ಞೆಗಳು ಸುಮಾರು 40, ಮದ್ರಾಸ್ ಐಐಟಿಯ ಶಕ್ತಿ ಪ್ರೊಸೆಸರುಗಳು ಇದನ್ನೇ ಆಧರಿಸಿವೆ. ಆ ಪ್ರೊಸೆಸರನ್ನು ತಂತ್ರಾಂಶದಲ್ಲೇ ಅನುಕರಿಸುವ ಎಮ್ಯುಲೇಟರುಗಳು ಉಚಿತವಾಗಿ ಸಿಗುತ್ತವೆ ಮತ್ತು ನಮ್ಮ ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲೂ ಓಡುತ್ತವೆ, ಆದ್ದರಿಂದ ಯಾವ ಖರೀದಿಯೂ ಟೆಂಡರೂ ಬೇಕಿಲ್ಲ. (ಒಂದು ಎಚ್ಚರಿಕೆ ಮಾತ್ರ: ಫಂಕ್ಷನ್ ಒಳಗೆ ಇನ್ನೊಂದು ಫಂಕ್ಷನ್ ಕರೆಯುವಾಗ ಮರಳುವ ವಿಳಾಸದ ರಿಜಿಸ್ಟರನ್ನು ಉಳಿಸಲು ಪ್ರತಿ ವರ್ಷವೂ ಯಾರಾದರೂ ಮರೆಯುತ್ತಾರೆ, ಅವರ ಪ್ರೋಗ್ರಾಂ ಗಾಣದ ಎತ್ತಿನಂತೆ ಅಲ್ಲೇ ಸುತ್ತುತ್ತಿರುತ್ತದೆ.)

ಈಗ ನನಗೆ ಬಹಳ ಪ್ರಿಯವಾದ ಒಂದು ಪ್ರಸಂಗ. ನಮ್ಮ ವಿದ್ಯಾರ್ಥಿಗಳಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಅನೇಕರಿದ್ದಾರೆ. ಹುನಗುಂದ ಮತ್ತು ಬನಹಟ್ಟಿ ಕಡೆಯ ಇಬ್ಬರು ಹುಡುಗಿಯರು ತಮ್ಮ ಭಾಷೆಯ ಪದಗಳು ಕನ್ನಡದಲ್ಲಿಯೇ ಇರಲಿ ಎಂದು ಹಠ ಹಿಡಿದರು. ಇಂಗ್ಲಿಷ್ ಪದಗಳ ಜಾಗದಲ್ಲಿ ಕನ್ನಡ ಪದ ಇಟ್ಟರಾಯಿತು, ಅದೇನು ಮಹಾ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅಲ್ಲಿ ಕಲಿತದ್ದು ನಾನೇ ಹೆಚ್ಚು.

ಮೊದಲ ತೊಡಕು ಅಕ್ಷರದ್ದು. ಅವರು ಒಂದು ಚರಕ್ಕೆ "ಮೊತ್ತ" ಎಂದು ಹೆಸರಿಟ್ಟಿದ್ದರು. ನಮ್ಮ ಕಣ್ಣಿಗೆ ಅದು ಎರಡು ಅಕ್ಷರ. ಎಲ್ಲ ಲಿಪಿಗಳಿಗೂ ಸಂಕೇತ ಕೊಡುವ ಯೂನಿಕೋಡಿನಲ್ಲಿ ಅದು ಮ, ಅದರ ಒಕಾರದ ಚಿಹ್ನೆ, ತ, ಅರ್ಧಾಕ್ಷರದ ಚಿಹ್ನೆ, ಮತ್ತೆ ತ ಎಂದು ಐದು ಸಂಕೇತಗಳು. ಅವನ್ನು ಕಡತದಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ ಮೂರರಂತೆ 15 ಬೈಟ್. ಒಕಾರದ ಚಿಹ್ನೆಯಾಗಲಿ ಅರ್ಧಾಕ್ಷರದ ಚಿಹ್ನೆಯಾಗಲಿ ಯೂನಿಕೋಡ್ ವರ್ಗೀಕರಣದಲ್ಲಿ ಅಕ್ಷರವಲ್ಲ, ಅಕ್ಷರಕ್ಕೆ ಹತ್ತಿಕೊಳ್ಳುವ ಗುರುತು. ಅಕ್ಷರಗಳು ಮುಗಿದಲ್ಲಿ ಹೆಸರು ಮುಗಿಯಿತು ಎಂಬ ಪಠ್ಯಪುಸ್ತಕದ ನಿಯಮವನ್ನು ನಂಬಿದ ಅವರ ಸ್ಕ್ಯಾನರ್ (ಪಠ್ಯವನ್ನು ಟೋಕನ್‌ಗಳಾಗಿ ಬಿಡಿಸುವ ಭಾಗ) "ಮ" ಎಂಬಲ್ಲಿಗೇ ಹೆಸರನ್ನು ಕತ್ತರಿಸಿಹಾಕಿತು. ಹೆಸರಿನ ಮೊದಲನೆಯದು ಅಕ್ಷರ, ನಂತರದವು ಅಕ್ಷರ, ಅಂಕಿ ಅಥವಾ ಗುರುತು ಎಂದು ನಿಯಮ ತಿದ್ದಿದ ಮೇಲೆ ಇನ್ನೊಂದು ಭೂತ ಎದ್ದಿತು: ಒಂದೇ "ಮೊತ್ತ"ವನ್ನು ಮೇಲೆ ಘೋಷಿಸಿ ಕೆಳಗೆ ಬಳಸಿದರೆ, ಘೋಷಿಸದ ಹೆಸರು ಎಂಬ ದೋಷ. ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳನ್ನು ಒಂದರ ಹಿಂದೆ ಒಂದಿಟ್ಟೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ, ಕಂಪೈಲರಿನ ಹೆಸರುಗಳ ಪಟ್ಟಿಯಾದ ಸಿಂಬಲ್ ಟೇಬಲಿನಲ್ಲಿ ಎರಡು ಬೇರೆ ಹೆಸರುಗಳು. ಹೆಸರುಗಳನ್ನು ಟೇಬಲಿಗೆ ಸೇರಿಸುವ ಮುನ್ನ ಒಂದೇ ರೂಪಕ್ಕೆ ತರಬೇಕು ಎಂದು ಅವರು ಕಂಡುಕೊಂಡರು. ಪೈಥಾನ್ 3 ಕೂಡ ಹೆಸರುಗಳಿಗೆ ಇದನ್ನೇ ಮಾಡುತ್ತದೆ. ಇದು ಯಾವ ಪ್ರಶ್ನೆಪತ್ರಿಕೆಯಲ್ಲೂ ನಾನು ಕಾಣದ ವಿಷಯ, ಆದರೆ ಕನ್ನಡದಲ್ಲಿ ತಂತ್ರಾಂಶ ಮಾಡುವ ಯಾರಿಗಾದರೂ ದಿನನಿತ್ಯದ ತಲೆನೋವು.

ಎರಡನೆಯ ತೊಡಕು ವಾಕ್ಯದ್ದು, ಮತ್ತು ಅದು ಇನ್ನೂ ಸೊಗಸಾಗಿತ್ತು. ಇಂಗ್ಲಿಷಿನ ಜಾಡಿನ ಭಾಷೆಗಳಲ್ಲಿ ಷರತ್ತಿನ ಪದ ಮೊದಲು ಬರುತ್ತದೆ, ಅದನ್ನು ನೋಡಿದ ಕೂಡಲೇ ಪಾರ್ಸರಿಗೆ ಮುಂದೇನು ಎಂದು ಗೊತ್ತಾಗುತ್ತದೆ. ಅವರು "ಮೊತ್ತ > 5 ಆದರೆ", "ಮೊತ್ತ > 0 ಇರುವವರೆಗೆ", "ಮೊತ್ತ ಬರೆ" ಎಂದು, ನಾವು ಮಾತನಾಡುವ ಕ್ರಮದಲ್ಲೇ, ಕೆಲಸದ ಪದವನ್ನು ಕೊನೆಗಿಟ್ಟರು. ಈಗ ವಾಕ್ಯದ ಆರಂಭದಲ್ಲಿ ನಿಂತ ಪಾರ್ಸರಿಗೆ ಇದು ಷರತ್ತೋ, ಲೂಪೋ, ಮುದ್ರಣವೋ ತಿಳಿಯದು. ಮೊದಲು ಪದೋಕ್ತಿಯನ್ನು ಓದಿ ಮುಗಿಸಿ, ನಂತರ ಬರುವ ಪದವನ್ನು ನೋಡಿ ತೀರ್ಮಾನಿಸಬೇಕು. ಪಾರ್ಸರಿನ ಮಟ್ಟಿಗೆ ಅದು ಸುಲಭವಾಗಿಯೇ ಬಗೆಹರಿಯಿತು. ಆದರೆ ಅವರ ಕಂಪೈಲರ್ ಓದುತ್ತ ಓದುತ್ತಲೇ ಅಸೆಂಬ್ಲಿಯನ್ನು ಬರೆಯುತ್ತಿತ್ತು. ಲೂಪಿನಲ್ಲಿ ಪ್ರತಿ ಸುತ್ತಿಗೂ ಷರತ್ತಿನ ಆರಂಭಕ್ಕೆ ಮರಳಬೇಕು, ಆದ್ದರಿಂದ ಷರತ್ತಿನ ಸಂಕೇತಕ್ಕೂ ಮುಂಚೆ, ಮರಳುವ ಜಾಗದ ಗುರುತಾಗಿ, ಒಂದು ಲೇಬಲ್ ಇರಬೇಕು. ಅದು ಲೂಪ್ ಎಂದು ತಿಳಿಯುವ ಹೊತ್ತಿಗೆ ಷರತ್ತಿನ ಸಂಕೇತ ಆಗಲೇ ಕಡತ ಸೇರಿಬಿಟ್ಟಿತ್ತು. ಪ್ರತಿ ವಾಕ್ಯದ ಮುಂದೆಯೂ ಒಂದು ಲೇಬಲ್ ಹಾಕಿಬಿಡೋಣ ಎಂದಳು ಒಬ್ಬಳು. ಬೇಡ, ವಾಕ್ಯವನ್ನೆಲ್ಲ ಮೊದಲು ಮರವಾಗಿ ಕಟ್ಟಿ, ನಂತರ ಸಂಕೇತ ಬರೆಯೋಣ ಎಂದಳು ಇನ್ನೊಬ್ಬಳು. ಸಿಂಟ್ಯಾಕ್ಸ್ ಟ್ರೀ, ಅಂದರೆ ಈ ವಾಕ್ಯದ ಮರ, ಯಾಕೆ ಬೇಕು ಎಂಬ ಪ್ರಶ್ನೆಗೆ ಅದಕ್ಕಿಂತ ಒಳ್ಳೆಯ ಉತ್ತರ ನಾನು ಕೇಳಿಲ್ಲ. ಬನಹಟ್ಟಿಯ ಹುಡುಗಿಯ ಮನೆಯಲ್ಲಿ ಮಗ್ಗವಿದೆ. ಗ್ರಾಫ್ ಹಾಳೆಯ ಮೇಲಿನ ಚಿತ್ತಾರವೆಲ್ಲ ಪೂರ್ತಿಯಾದ ಮೇಲೆಯೇ ಮಗ್ಗದಲ್ಲಿ ಚಿತ್ತಾರ ಮೂಡಿಸುವ ಜಕಾರ್ಡಿನ ರಟ್ಟಿಗೆ ತೂತು ಹೊಡೆಯುತ್ತಾರೆ, ಹೂವು ಬಿಡಿಸುತ್ತ ಬಿಡಿಸುತ್ತ ಹೊಡೆಯುವುದಿಲ್ಲ ಎಂದು ಆಕೆ ವಾದಿಸಿದಳು, ಗೆದ್ದಳು.

ಆದ್ದರಿಂದ ಭಾಷೆಯ ಪದಗಳನ್ನೂ ಪ್ರಾಜೆಕ್ಟ್ ವರದಿಯನ್ನೂ ಕನ್ನಡದಲ್ಲಿ ಇಡಲು ಬಯಸುವವರಿಗೆ ನಿಯಮಗಳಲ್ಲೇ ಅವಕಾಶವಿರಲಿ ಎಂದು ಕೇಳಿಕೊಳ್ಳುತ್ತೇನೆ. ಕಡ್ಡಾಯ ಬೇಡ.

ಮೌಲ್ಯಮಾಪನದ ವಿಚಾರದಲ್ಲಿ ತಮಗೆ ಸಹಜವಾಗಿಯೇ ಎರಡು ಚಿಂತೆಗಳಿರಬಹುದು: ನಕಲು, ಮತ್ತು ಅಧ್ಯಾಪಕರ ಹೊರೆ. ಇಂದು ಚಾಟ್‌ಬಾಟಿಗೆ ಕೇಳಿದರೆ ಒಂದು ಪುಟ್ಟ ಕಂಪೈಲರ್ ನಿಮಿಷಗಳಲ್ಲಿ ಬರುತ್ತದೆ ಎಂಬುದು ನಿಜ. ಆದರೆ ಬಾಯಿಪಾಠದ ಲ್ಯಾಬ್ ಪ್ರೋಗ್ರಾಂಗಳು ಅದಕ್ಕಿಂತ ಎಷ್ಟೋ ಮೊದಲೇ ಸೀನಿಯರುಗಳ ಪೆನ್‌ಡ್ರೈವಿನಲ್ಲಿ ಬರುತ್ತಿದ್ದವು. ಬಂದದ್ದನ್ನು ಒಪ್ಪಿಕೊಂಡು ಅಂಕ ಕೊಡುವುದನ್ನು ನಾವು ನಿಲ್ಲಿಸಬೇಕು. ವೈವಾದ ದಿನ ಜೋಡಿಯ ಪ್ರತಿಯೊಬ್ಬರಿಗೂ ತಮ್ಮದೇ ಕಂಪೈಲರಿನಲ್ಲಿ ಒಂದು ಸಣ್ಣ ಬದಲಾವಣೆಯನ್ನು ಅಲ್ಲೇ, ಇಂಟರ್ನೆಟ್ ಇಲ್ಲದ ಕಂಪ್ಯೂಟರಿನಲ್ಲಿ, ಅರ್ಧ ಗಂಟೆಯಲ್ಲಿ ಮಾಡಲು ಹೇಳಬೇಕು: ಶೇಷ ತೆಗೆಯುವ % ಚಿಹ್ನೆಯನ್ನು ಸೇರಿಸಿ, ಅಥವಾ ಸಂಖ್ಯೆಯ ಮುಂದಿನ ಋಣ ಚಿಹ್ನೆ ಕೆಲಸ ಮಾಡುವಂತೆ ಮಾಡಿ, ಅಥವಾ ಒಂದೇ ಹೆಸರನ್ನು ಎರಡು ಸಲ ಘೋಷಿಸಿದರೆ ದೋಷ ಹೇಳುವಂತೆ ಮಾಡಿ. ತಾನೇ ಕಟ್ಟಿದವನಿಗೆ ಯಾವ ಫಂಕ್ಷನ್ ತೆರೆಯಬೇಕು ಎಂಬುದು ತಕ್ಷಣ ಗೊತ್ತಿರುತ್ತದೆ. ಉಳಿದವರ ಪಾಡು ಮೊದಲ ಐದು ನಿಮಿಷದಲ್ಲೇ ತಿಳಿಯುತ್ತದೆ.

ಹೊರೆಯ ಲೆಕ್ಕವನ್ನೂ ಹಾಕಿದ್ದೇನೆ. 60 ಜನರ ತರಗತಿಯೆಂದರೆ 30 ಜೋಡಿ. ಬದಲಾವಣೆಯ ಕೆಲಸ ಇಡೀ ತಂಡಕ್ಕೆ ಒಟ್ಟಿಗೇ ಲ್ಯಾಬಿನಲ್ಲಿ ನಡೆಯುತ್ತದೆ. ಜೋಡಿಗೆ 20 ನಿಮಿಷದಂತೆ ಮಾತನಾಡಿದರೆ ಒಟ್ಟು 10 ಗಂಟೆ, ಅಂದರೆ ಎರಡು ದಿನ. ವಾರವಾರದ ಅಂಕಗಳನ್ನು ಪರೀಕ್ಷಾ ಕಡತಗಳು ತಾವೇ ನೋಡಿಕೊಳ್ಳುತ್ತವೆ: ಒಂದು ಕಡತದಲ್ಲಿ ಪ್ರೋಗ್ರಾಂ, ಪಕ್ಕದಲ್ಲಿ ಬರಬೇಕಾದ ಉತ್ತರ, ಇವೆರಡನ್ನು ಹೋಲಿಸುವ ಹತ್ತು ಸಾಲಿನ ಸ್ಕ್ರಿಪ್ಟ್. ಪ್ರತಿ ಜೋಡಿಯೂ ಇತರರ ಕಂಪೈಲರನ್ನು ಮುರಿಯುವಂಥ ಕೆಲವು ಕಡತಗಳನ್ನು ಬರೆದು ಕೊಡಬೇಕೆಂಬ ನಿಯಮವಿಟ್ಟರೆ ಅದರ ಮಜವೇ ಬೇರೆ. ಇದು ಬರೀ ಆಟವಲ್ಲ. 2011ರಲ್ಲಿ ಯೂಟಾ ವಿಶ್ವವಿದ್ಯಾಲಯದವರು ಸಿಸ್ಮಿತ್ ಎಂಬ ಸಾಧನದಿಂದ ಯಾದೃಚ್ಛಿಕ ಸಿ ಪ್ರೋಗ್ರಾಂಗಳನ್ನು ಹುಟ್ಟಿಸಿ, ಬಳಕೆಯಲ್ಲಿದ್ದ ಕಂಪೈಲರುಗಳಲ್ಲಿ ಅದುವರೆಗೆ ಗೊತ್ತಿರದ 325ಕ್ಕೂ ಹೆಚ್ಚು ದೋಷಗಳನ್ನು ಪತ್ತೆಹಚ್ಚಿದ್ದರು.

ಕ್ಯಾಂಪಸ್ಸಿಗೆ ಬರುವ ಕಂಪನಿಗಳು ಕಂಪೈಲರ್ ಕೇಳುವುದಿಲ್ಲ ಎಂಬ ಮಾತಿಗೆ ಉದ್ದ ಉತ್ತರ ಬೇಕಿಲ್ಲ. ಬಹುಪಾಲು ಕಂಪನಿಗಳು ಕೇಳುವುದಿಲ್ಲ, ನಿಜ. ಅವು ಎಲ್‌ಆರ್ ಕೋಷ್ಟಕವನ್ನೂ ಕೇಳುವುದಿಲ್ಲ. ಕೆಲವು ಸಾವಿರ ಸಾಲಿನ ಪ್ರೋಗ್ರಾಮನ್ನು ಇಬ್ಬರು ಸೇರಿ ಮೂರು ತಿಂಗಳು ಬೆಳೆಸಿ, ಪ್ರತಿ ವಾರ ಹಳೆಯ ಪರೀಕ್ಷೆಗಳು ಮುರಿಯದಂತೆ ಕಾಯ್ದುಕೊಂಡದ್ದನ್ನು ಅವು ಕೇಳುತ್ತವೆ. ಇನ್ನು, ಬೆಂಗಳೂರಿನ ಚಿಪ್ ಕಂಪನಿಗಳಲ್ಲಿ ಕಂಪೈಲರ್ ತಂಡಗಳಿವೆ. ಆ ಬಾಗಿಲು ನಮ್ಮ ಮಕ್ಕಳಿಗೂ ಕಾಣಲಿ. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಚೌಕಟ್ಟು ಕೂಡ 2000ದಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿ, ಕ್ರಿಸ್ ಲ್ಯಾಟ್ನರ್, ತನ್ನ ಮಾರ್ಗದರ್ಶಕರ ಜೊತೆ ಆರಂಭಿಸಿದ ಕೆಲಸವೇ.

ಉಳಿದದ್ದು ಅಧ್ಯಾಪಕರ ಮಾತು, ಮತ್ತು ನನ್ನ ಪ್ರಕಾರ ನಿಜವಾದ ತೊಂದರೆ ಇರುವುದು ಇಲ್ಲಿಯೇ. ನಾನು ಒಂಬತ್ತು ವರ್ಷ ಇದ್ದ ಸ್ಥಿತಿಯಲ್ಲಿ ಇರುವವರು ಬೇರೆ ಕಾಲೇಜುಗಳಲ್ಲೂ ಇರಬಹುದು. ಅವರನ್ನು ದೂಷಿಸುವುದು ನನಗೆ ಸಲ್ಲದು. ನಮಗೂ ಯಾರೂ ಕಟ್ಟಿಸಿರಲಿಲ್ಲ. ಹೊಸ ಪಠ್ಯಕ್ರಮ ಜಾರಿಗೆ ಬರುವ ಮುನ್ನ ಒಂದು ಬೇಸಿಗೆಯಲ್ಲಿ ಮೂರು ಜಿಲ್ಲೆಗಳ ಕಂಪೈಲರ್ ಅಧ್ಯಾಪಕರನ್ನು ಎರಡು ವಾರ ಒಂದೆಡೆ ಕೂಡಿಸಿ, ಸರ್ಟಿಫಿಕೇಟ್ ಕೊಟ್ಟು ಕಳಿಸುವ ಭಾಷಣಗಳ ಕಾರ್ಯಾಗಾರದ ಬದಲು, ಪ್ರತಿಯೊಬ್ಬರೂ ವಿದ್ಯಾರ್ಥಿಗಳಿಗೆ ಕೊಡಲಿರುವ ಅದೇ ಪ್ರಾಜೆಕ್ಟನ್ನು ತಾವೇ ಮಾಡಿ ಮುಗಿಸುವಂತೆ ವ್ಯವಸ್ಥೆ ಮಾಡಬೇಕು. ಜಾಗಕ್ಕೆ ಒಂದು ಲ್ಯಾಬು, ಊಟಕ್ಕೆ ಒಂದು ಮೆಸ್ಸು ಸಾಕು.

ಈ ವರ್ಷಗಳಲ್ಲಿ ನಮ್ಮ ವಿದ್ಯಾರ್ಥಿಗಳು ಬರೆದ ಪರೀಕ್ಷಾ ಕಡತಗಳು, ವಾರದ ಹಂತಗಳ ವಿವರಣೆ, ಹೋಲಿಸುವ ಸ್ಕ್ರಿಪ್ಟುಗಳು ನನ್ನ ಬಳಿ ಇವೆ. ಕೇಳಿದ ಯಾವ ಕಾಲೇಜಿಗಾದರೂ ಅವನ್ನು ಕೊಡುತ್ತೇನೆ, ತಿದ್ದಿ ಬಳಸಿಕೊಳ್ಳಬಹುದು. ಮಂಡಳಿಯ ಮುಂದಿನ ಸಭೆಗೆ ಕರೆದರೆ, ಅದು ಬೆಳಗಾವಿಯಲ್ಲಿರಲಿ ವಿಜಯಪುರದಲ್ಲಿರಲಿ, ಸ್ವಂತ ಖರ್ಚಿನಲ್ಲಿ ಬರುತ್ತೇನೆ, ಮತ್ತು ಆ ಇಬ್ಬರು ಹುಡುಗಿಯರನ್ನೂ ಕರೆತರುತ್ತೇನೆ. ಸದಸ್ಯರು ತಮಗೆ ತೋಚಿದ ಒಂದು ಲೆಕ್ಕವನ್ನು ಅವರ ಭಾಷೆಯಲ್ಲಿ ಕಾಗದದ ಮೇಲೆ ಬರೆದು ಕೊಡಲಿ. ಅದು ಓಡದಿದ್ದರೆ ಯಾಕೆ ಓಡಲಿಲ್ಲ ಎಂಬುದನ್ನು ಅವರೇ ಅಲ್ಲಿಯೇ ಕಂಡುಹಿಡಿದು ಹೇಳುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಕಂಪೈಲರ್ ವಿಷಯದ ಒಬ್ಬ ಅಧ್ಯಾಪಕ,
ಬಾಗಲಕೋಟೆ.